ದೀಪಸ್ತಂಭದ ಕಡೆ ಮುಖ ಮಾಡಿದ ಕುರ್ಚಿ

ಟಾಲ್ಕೆ ಊಕೆನ್‌ಗೆ ಹೆದರಿಕೆ ಎಂಬುದು ಬಂದದ್ದು ಎಪ್ಪತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅವಳು ಹೆದರಿದ್ದನ್ನು ಜರ್ಮನಿಯ ವಾಯವ್ಯ ಕರಾವಳಿಯ ಅವಳ ಊರು ನಾರ್ಡೈಖ್‌ನಲ್ಲಿ ಯಾರೂ ಕಂಡಿರಲಿಲ್ಲ. ಹತ್ತು ವರ್ಷದವಳಿದ್ದಾಗ ಒಂದು ಫೆಬ್ರವರಿಯಲ್ಲಿ ಸಮುದ್ರ ಉಕ್ಕಿ ಒಡ್ಡಿನ ತುದಿಯವರೆಗೆ ಬಂದಿತ್ತು. ಅವಳಪ್ಪ ಮಕ್ಕಳನ್ನೆಲ್ಲ ಎತ್ತಿ ಬಟ್ಟೆಯ ಕಪಾಟಿನ ಮೇಲೆ ಕೂರಿಸಿದ. ಉಳಿದವರೆಲ್ಲ ಗೋಳೋ ಎಂದು ಅಳುತ್ತಿದ್ದರೆ ಇವಳು ಅಲ್ಲೇ ಗೋಡೆಗೊರಗಿ ನಿದ್ದೆ ಹೋದಳು.

ದೊಡ್ಡವಳಾದ ಮೇಲೆ ಸೀಗಡಿ ಸುಲಿಯುವ ಕೆಲಸ ಹಿಡಿದಳು. ಅಡುಗೆಮನೆಯ ಮೇಜಿನ ಮೇಲೆ ಬೇಯಿಸಿದ ಸಣ್ಣ ಸೀಗಡಿಯ ಗುಡ್ಡೆ, ಪಕ್ಕದಲ್ಲಿ ರೇಡಿಯೊ. ಅವಳ ಬೆರಳಿನ ವೇಗಕ್ಕೆ ಬೀದಿಯಲ್ಲಿ ಸಾಟಿಯಿರಲಿಲ್ಲ. ಆಮೇಲೆ ಮನೆಯಲ್ಲಿ ಸುಲಿಯುವುದು ಶುಚಿಯಲ್ಲವೆಂದು ಕಾನೂನು ಬಂತು, ಸೀಗಡಿಗಳು ಲಾರಿ ಹತ್ತಿ ಬಿಸಿಲಿನ ದೇಶಗಳಿಗೆ ಹೋಗಿ ಸುಲಿಸಿಕೊಂಡು ವಾಪಸು ಬರತೊಡಗಿದವು. “ನಮ್ಮೂರ ಸೀಗಡಿ ನನಗಿಂತ ಜಾಸ್ತಿ ದೇಶ ನೋಡಿದೆ” ಎಂದು ಅವಳು ಹಂಗಿಸಿ, ಅತಿಥಿಗೃಹಗಳ ಹಾಸಿಗೆಬಟ್ಟೆ ಒಗೆಯಲು ಹೋದಳು.

ಗಂಡ ಐಲರ್ಟ್ ಎದುರಿನ ದ್ವೀಪಕ್ಕೆ ಹೋಗುವ ದೋಣಿಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಮೂವತ್ತೆಂಟು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದ. ಮಧ್ಯಾಹ್ನ ಹಡಗು ಕಟ್ಟೆಗೆ ಬಂದಾಗ ಟಾಲ್ಕೆ ಬುತ್ತಿ ತೆಗೆದುಕೊಂಡು ಹೋಗಿ ಎಂಜಿನ್ ಕೋಣೆಯ ಕಬ್ಬಿಣದ ಬಾಗಿಲನ್ನು ಎರಡು ಸಲ ತಟ್ಟುತ್ತಿದ್ದಳು. ಒಳಗಿನ ಗದ್ದಲದಲ್ಲಿ ಕೂಗಿದರೆ ಕೇಳುತ್ತಿರಲಿಲ್ಲ. ಐಲರ್ಟ್ ಎಣ್ಣೆಗೈ ಒರೆಸಿಕೊಳ್ಳುತ್ತ ಹೊರಗೆ ತಲೆ ಹಾಕಿ, “ಇಷ್ಟು ಹೊತ್ತು ಮಾಡಿದೆಯಾ” ಎನ್ನುತ್ತಿದ್ದ. ಅವಳು ಸರಿಯಾದ ಹೊತ್ತಿಗೇ ಬಂದಿರುತ್ತಿದ್ದಳು. ಅದು ಅವನು ಪ್ರೀತಿ ತೋರಿಸುವ ಬಗೆ; ಆ ಕಡೆಯ ಗಂಡಸರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ.

ಹೆದರಿಕೆ ಬಂದದ್ದು ಒಂದು ಲೋಟ ಟೀಯ ರೂಪದಲ್ಲಿ. ಅವರ ಕಡೆ ಟೀ ಮಾಡುವ ಕ್ರಮ ಮಗುವಿಗೂ ಗೊತ್ತು: ಮೊದಲು ಕಲ್ಲುಸಕ್ಕರೆ, ಅದರ ಮೇಲೆ ಬಿಸಿ ಟೀ, ಕೊನೆಗೆ ಅಂಚಿನಿಂದ ಇಳಿಬಿಟ್ಟ ಕೆನೆ. ಕಲಕುವಂತಿಲ್ಲ. ಎರಡು ವರ್ಷದ ಹಿಂದೆ ಒಂದು ಮಂಗಳವಾರ ಐಲರ್ಟ್ ಬಟ್ಟಲಿಗೆ ಮೊದಲು ಕೆನೆ ಸುರಿದ. ಆಮೇಲೆ ಕಲ್ಲುಸಕ್ಕರೆಯ ಡಬ್ಬಿ ಹಿಡಿದುಕೊಂಡು, “ಇದನ್ನ ಏನ್ ಮಾಡ್ಬೇಕು?” ಎಂದು ಕೇಳಿದ. ಕಪಾಟಿನ ಮೇಲೆ ನಿದ್ದೆ ಹೋಗಿದ್ದವಳಿಗೆ ಆ ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಓಲ್ಡನ್‌ಬುರ್ಗ್‌ನಲ್ಲಿರುವ ಮಗಳು ಗೆಶೆಗಂತೂ ಮೊದಲೇ ಇಲ್ಲ. ಗೆಶೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರ ಕಚೇರಿಯಲ್ಲಿದ್ದಾಳೆ. “ನಮ್ಮಲ್ಲಿ ಒಳ್ಳೊಳ್ಳೆ ರೂಮಿದೆ ಅಮ್ಮ” ಎಂದು ಅವಳು ಒಮ್ಮೆ ಯಾರದೋ ವಿಷಯಕ್ಕೆ ಹೇಳಿದ್ದು ಟಾಲ್ಕೆಯ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಗೊತ್ತಾದ ದಿನ ಐಲರ್ಟನನ್ನು ಕರೆದುಕೊಂಡು ಹೋಗುತ್ತಾರೆ. ಅವಳ ಲೆಕ್ಕ ಅಷ್ಟೇ.

ಹೀಗಿರುವಾಗ ಹಡಗಿನ ಪ್ರವಾಸ. ಅದು ಐಲರ್ಟ್ ಚೆನ್ನಾಗಿದ್ದಾಗ ಗೊತ್ತು ಮಾಡಿದ್ದು. ಎಂಜಿನ್ ಕೋಣೆಗೆ ಇಳಿಯದೆ ಒಂದು ಸಲ ಹಡಗಿನಲ್ಲಿ ಹೋಗಬೇಕೆಂಬುದು ಅವನ ಆಸೆಯಾಗಿತ್ತು. ರದ್ದು ಮಾಡಿದರೆ ಗೆಶೆ ಯಾಕೆ ಎಂದು ಕೇಳುತ್ತಾಳೆ. ಆದ್ದರಿಂದ ಹೋದರು. ಕೀಲ್ ಬಂದರಿನಿಂದ ಹೊರಟ ಹಡಗು ಬಾಲ್ಟಿಕ್ ಸಮುದ್ರ ಸುತ್ತಿ ಬರುವ ಒಂಬತ್ತು ದಿನವೂ ಟಾಲ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿದ್ದಳು. ಊಟದ ಮೇಜಿನಲ್ಲಿ ಅವನ ಪರವಾಗಿ ಅವಳೇ ಉತ್ತರ ಕೊಡುತ್ತಿದ್ದಳು. ಕಾಸೆಲ್‌ನಿಂದ ಬಂದಿದ್ದ ಡೋರ್ನ್‌ಬುಶ್ ಎಂಬ ಹೆಂಗಸು ಅದೇ ಮೇಜಿನವಳು, ಮಾತಿನ ಮಲ್ಲಿ.

“ನಿಮ್ಮ ಯಜಮಾನ್ರು ಬಾಯೇ ಬಿಡಲ್ವಲ್ಲ ಫ್ರಾವ್ ಊಕೆನ್” ಎಂದಳು ಅವಳು ಎರಡನೆಯ ದಿನ.

“ಸಮುದ್ರದ ಕಡೆಯೋರು ಹಂಗೇ ಕಣ್ರೀ. ಮದುವೆ ದಿನ ಒಂದ್ಸಲ ಹೂಂ ಅಂದಿದ್ರು, ಅದ್ರಲ್ಲೇ ನಡೀತಾ ಇದೆ.”

ಮೇಜಿನವರೆಲ್ಲ ನಕ್ಕರು. ಟಾಲ್ಕೆ ಮೇಜಿನ ಕೆಳಗೆ ಅಂಗೈ ಒರೆಸಿಕೊಂಡಳು. ಹಡಗಿನ ವೈದ್ಯರ ಕಿವಿಗೆ ಬಿದ್ದರೆ ಮುಂದಿನ ಬಂದರಿನಲ್ಲೇ ಇಳಿಸಿ ಗೆಶೆಗೆ ಫೋನು ಮಾಡುತ್ತಾರೆಂದು ಅವಳು ನಂಬಿದ್ದಳು. ಬಸ್ಸಿನ ಗುಂಪಿನಲ್ಲಿ ಹೋದರೆ ತಲೆ ಎಣಿಸುತ್ತಾರೆ, ಹೆಸರು ಕೂಗುತ್ತಾರೆ, ಐಲರ್ಟ್ ಓಗೊಡದಿದ್ದರೆ ಬಯಲಾಗುತ್ತದೆ. ಅದಕ್ಕೇ ಪ್ರತಿ ಊರಿನಲ್ಲೂ ಅವರಿಬ್ಬರೇ ಬೇರೆಯಾಗಿ ಇಳಿದು ತಿರುಗಾಡಿದರು. ಹೀಗೆ ಹೋಗುವುದನ್ನು ಜರ್ಮನಿಯಲ್ಲಿ ಸ್ವಂತ ಮುಷ್ಟಿಯ ಮೇಲೆ ಹೋಗುವುದು ಎನ್ನುತ್ತಾರೆ. ಟಾಲ್ಕೆಯ ಮುಷ್ಟಿಯಲ್ಲಿ ಇರುತ್ತಿದ್ದದ್ದು ಐಲರ್ಟನ ಕೋಟಿನ ತೋಳು.

ಎಂಟನೆಯ ದಿನ, ಸೆಪ್ಟೆಂಬರ್ ಮೊದಲ ವಾರ, ಹಡಗು ವಾರ್ನೆಮ್ಯೂಂಡೆಗೆ ಬಂತು. ಮುಕ್ಕಾಲು ಹಡಗು ಬರ್ಲಿನ್ ನೋಡಲು ರೈಲು ಹತ್ತಿತು. ಸಂಜೆ ಐದೂವರೆಯೊಳಗೆ ಎಲ್ಲರೂ ಹಡಗಿನಲ್ಲಿರಬೇಕು, ಆರಕ್ಕೆ ಬಿಡುತ್ತದೆ ಎಂದು ಮೆಟ್ಟಿಲ ಬಳಿ ಹಲಗೆಯಲ್ಲಿ ಬರೆದಿತ್ತು. ಟಾಲ್ಕೆ ಅದನ್ನು ಎರಡು ಸಲ ಓದಿ, ಕೆಂಪು ತಲೆವಸ್ತ್ರವನ್ನು ಗದ್ದದ ಕೆಳಗೆ ಬಿಗಿದು, ಗಂಡನ ತೋಳು ಹಿಡಿದು ಸಮುದ್ರದಂಡೆಗೆ ನಡೆದಳು. ಒಂದು ಬುಟ್ಟಿಕುರ್ಚಿ ಹಿಡಿದು ಕೂತುಬಿಟ್ಟರೆ ಯಾವ ಅಪಾಯವೂ ಇಲ್ಲವೆಂಬುದು ಅವಳ ಯೋಚನೆ.

ಬುಟ್ಟಿಕುರ್ಚಿಯೆಂದರೆ ಬೆತ್ತದಿಂದ ಹೆಣೆದ, ತಲೆಯ ಮೇಲೆ ಮುಚ್ಚಿಗೆಯಿರುವ, ಇಬ್ಬರು ಕೂರುವ ಪುಟ್ಟ ಗೂಡು. ಹಿಂದಿನಿಂದ ನೋಡಿದರೆ ಒಳಗಿರುವವರು ಕಾಣುವುದೇ ಇಲ್ಲ. ದೀಪಸ್ತಂಭದ ಬುಡದಿಂದ ಪಶ್ಚಿಮಕ್ಕೆ ಮರಳಿನ ತುಂಬ ಅವು ಸಾಲುಸಾಲಾಗಿ ನಿಂತಿದ್ದವು. ಬಾಡಿಗೆಗೆ ಕೊಡುವವನು ಕೊಸ್ಸೊವ್ ಎಂಬ ಅರವತ್ತರ ಮನುಷ್ಯ, ಬಿಸಿಲಿಗೆ ಸುಟ್ಟು ಚಪ್ಪಲಿಯ ಬಣ್ಣಕ್ಕೆ ಬಂದಿದ್ದ. ಅವನು ಚೀಟಿ ಹರಿದುಕೊಟ್ಟ. ಚೀಟಿಯನ್ನು ಐಲರ್ಟ್ ತನ್ನ ಜೇಬಿನಲ್ಲಿಟ್ಟುಕೊಂಡ. ಟಾಲ್ಕೆ ಕುರ್ಚಿಯ ನಂಬರು ನೋಡಲಿಲ್ಲ. ಅವಳ ಊರಿನಲ್ಲಿ ಯಾರು ನೋಡುತ್ತಾರೆ? ಅಲ್ಲಿ ಪಶ್ಚಿಮದ ಗಾಳಿ ಮುಖದ ಚರ್ಮ ಸುಲಿಯುವಂತೆ ಬೀಸುತ್ತದೆ. ಬೆಳಿಗ್ಗೆ ಕುರ್ಚಿಯ ಬೆನ್ನನ್ನು ಗಾಳಿಗೆ ಕೊಟ್ಟರೆ ಸಂಜೆಯವರೆಗೆ ಅದು ಹಾಗೇ. ಇಲ್ಲೂ ಅವಳು ಕುರ್ಚಿಯನ್ನು ಎಳೆದು ಪಶ್ಚಿಮಕ್ಕೆ ಬೆನ್ನು ಮಾಡಿ, ದೀಪಸ್ತಂಭದ ಕಡೆಗೆ ಮುಖ ತಿರುಗಿಸಿದಳು. ಹಡಗಿನಿಂದ ತಂದಿದ್ದ ಟೀ ಫ್ಲಾಸ್ಕು, ಕಲ್ಲುಸಕ್ಕರೆಯ ಡಬ್ಬಿ, ತಿಂಡಿಯ ಮೇಜಿನಿಂದ ಎತ್ತಿಕೊಂಡ ಕೆನೆಯ ಪುಟ್ಟ ಡಬ್ಬಿಗಳು, ಎಲ್ಲವನ್ನೂ ಅವನ ಪಕ್ಕದಲ್ಲಿಟ್ಟಳು.

ಹನ್ನೆರಡೂವರೆಗೆ ಐಲರ್ಟನಿಗೆ ಹಸಿವಾಯಿತು.

“ಮೀನು ಬನ್ನು ತರ್ತೀನಿ. ಕಾಲ್ಗಂಟೆ. ಇಲ್ಲಿಂದ ಏಳ್ಬೇಡ.”

“ಎಲ್ಲಿಗ್ ಹೋಗ್ಲಿ?”

“ಏಳಲ್ಲ ಅಂತ ಹೇಳು.”

“ನೀನು ಬರೋವರೆಗೂ ಏಳಲ್ಲ ಟಾಲ್ಕೆ” ಎಂದು ಅವನು ನೀಲಿ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ. ಅವಳು ದೀಪಸ್ತಂಭದವರೆಗೆ ಮೂರು ಸಲ ತಿರುಗಿ ನೋಡಿದಳು. ಮೂರು ಸಲವೂ ಅವನ ಟೋಪಿ ಕಾಣುತ್ತಿತ್ತು.

ಹಳೆಯ ಕಾಲುವೆಯಲ್ಲಿ ಕಟ್ಟಿದ್ದ ದೋಣಿಯೊಂದರಲ್ಲಿ ಮೀನು ಬನ್ನು ಮಾರುತ್ತಿದ್ದರು. ಉಪ್ಪಿನಲ್ಲಿ ಹದ ಮಾಡಿದ ಮೀನು, ಮೇಲೆ ಹಸಿ ಈರುಳ್ಳಿ. ಎರಡು ಕಟ್ಟಿಸಿಕೊಂಡಳು. ಅಲ್ಲಿಂದ ನೇರ ವಾಪಸು ಹೋಗಬೇಕಿತ್ತು. ಆದರೆ ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಷ್ಟಿಯಲ್ಲಿ ಯಾರ ತೋಳೂ ಇರಲಿಲ್ಲ. ಕಾಲು ತಾನಾಗಿ ಬೇರೆ ಕಡೆ ಹೋಯಿತು. ಗಾಜಿನ ಜಗುಲಿಗಳ ಸಣ್ಣ ಮನೆಗಳ ಬೀದಿಯಲ್ಲಿ ನಡೆದಳು. ಯಾರದೋ ಕಿಟಕಿಯ ಬೆಕ್ಕನ್ನು ಮಾತಾಡಿಸಿದಳು. ಕಾಫಿ ಅಂಗಡಿಯಲ್ಲಿ ಕೂತು ಪ್ಲಮ್ ಹಣ್ಣಿನ ಕೇಕು ತಿಂದಳು, ಯಾರ ಬಾಯಿಯನ್ನೂ ಒರೆಸದೆ. ಆಮೇಲೆ ದೀಪಸ್ತಂಭ ಹತ್ತಿದಳು. ಮೇಲೆ ಗಾಳಿ ಜೋರಾಗಿತ್ತು; ತಲೆವಸ್ತ್ರ ಬಿಚ್ಚಿ ಕೋಟಿನ ಜೇಬಿಗೆ ತುರುಕಿ ಕೂದಲನ್ನು ಗಾಳಿಗೆ ಬಿಟ್ಟಳು. ಖುಷಿಯಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ತುಂಬ ಖುಷಿಯಾಯಿತು.

ಪಕ್ಕದಲ್ಲಿ ಯಾರೋ ಗಂಟೆ ಎರಡೂಮುಕ್ಕಾಲು ಎಂದದ್ದು ಕಿವಿಗೆ ಬಿತ್ತು. ಕಾಲುಗಂಟೆ ಎಂದು ಹೇಳಿ ಬಂದಿದ್ದಳು.

ಮೆಟ್ಟಿಲಿಳಿದು ಮರಳಿಗೆ ಬಂದು ನೋಡಿದರೆ ಒಂದು ಕುರ್ಚಿಯಲ್ಲೂ ಮನುಷ್ಯರಿರಲಿಲ್ಲ. ಅವಳಿಗೆ ಮೊದಲು ಕಂಡದ್ದು ಹಾಗೆ. ಬರೀ ಬೆತ್ತದ ಬೆನ್ನುಗಳು. ಇನ್ನೂರೋ ಮುನ್ನೂರೋ ಕುರ್ಚಿಗಳು, ಒಂದರ ಹಿಂದೆ ಒಂದು, ಎಲ್ಲವೂ ಅವಳಿಗೆ ಬೆನ್ನು ಹಾಕಿ ನಿಂತಿದ್ದವು. ದೀಪಸ್ತಂಭದ ಕಡೆ ಮುಖ ಮಾಡಿದ ಕುರ್ಚಿ ಒಂದೂ ಇರಲಿಲ್ಲ. ಸುಮಾರು ಎಲ್ಲಿತ್ತೆಂದು ನೆನಪಿದ್ದ ಜಾಗಕ್ಕೆ ಹೋಗಿ ಇಣುಕಿದಳು. ಒಂದರಲ್ಲಿ ಒದ್ದೆ ಬಟ್ಟೆ ಬದಲಿಸುತ್ತಿದ್ದ ಹೆಂಗಸು ಬೈದಳು. ಇನ್ನೊಂದರಲ್ಲಿ ನಾಯಿ ಬೊಗಳಿತು. ಮೂರನೆಯದು ಖಾಲಿ. ಖಾಲಿಯಾಗಿರುವುದೇ ತಮ್ಮದೆಂದು ಅವಳಿಗೆ ಖಾತ್ರಿಯಾಯಿತು.

ಕೊಸ್ಸೊವ್ ತನ್ನ ಮರದ ಗೂಡಂಗಡಿಯಲ್ಲಿ ಕೂತಿದ್ದ. ಆಗಲೇ ನಿಜ ಹೇಳಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎರಡು ವರ್ಷದಿಂದ ಮುಚ್ಚಿಟ್ಟ ಬಾಯಿ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ.

“ದೀಪಸ್ತಂಭದ ಕಡೆ ತಿರುಗಿದ್ದ ಕುರ್ಚಿ ಒಂದಿತ್ತಲ್ಲ, ಅದು ಎಲ್ಲಿ?” ಎಂದಳು.

“ನಂಬರು?”

“ನಂಬರು ಗೊತ್ತಿಲ್ಲ.”

“ಹಂಗಾದ್ರೆ ಅಂಥ ಕುರ್ಚಿ ಇಲ್ಲ ಬಿಡಿ” ಎಂದು ಅವನು ನಕ್ಕ. “ಮಧ್ಯಾಹ್ನದ ಮೇಲೆ ದೀಪಸ್ತಂಭ ನೋಡ್ಕೊಂಡು ಕೂತ್ರೆ ನೆರಳು ತಿನ್ಬೇಕಾಗತ್ತೆ. ಏನಾದ್ರೂ ಕಳ್ಕೊಂಡ್ರಾ?”

“ಇಲ್ಲ. ಏನೂ ಇಲ್ಲ” ಎಂದು ಅವಳು ಹೊರಟುಬಿಟ್ಟಳು.

ಹಡಗಿಗೆ ಹೋಗಿರಬಹುದು. ಹಡಗು ಊರಿನ ಮನೆಗಳಿಗಿಂತ ಎತ್ತರ, ಎಲ್ಲಿಂದಲೂ ಕಾಣುತ್ತದೆ. ಬನ್ನಿನ ಪೊಟ್ಟಣವನ್ನು ಎದೆಗವಚಿಕೊಂಡು ಅವಳು ಸೇತುವೆ ದಾಟಿ, ರೈಲು ನಿಲ್ದಾಣ ದಾಟಿ, ಏದುಸಿರು ಬಿಡುತ್ತ ಹಡಗಿನ ಗೇಟಿಗೆ ಬಂದಳು. ಅಲ್ಲಿನ ಕಾವಲುಗಾರನ ಮುಂದೆ ಮುಖವನ್ನು ಆದಷ್ಟು ಸಡಿಲ ಮಾಡಿಕೊಂಡು ನಿಂತಳು.

“ನಮ್ಮ ಯಜಮಾನ್ರು ಮುಂದೆ ಬಂದ್ರು. ಒಳಗೆ ಹೋದ್ರಾ ಅಂತ ನೋಡ್ತೀರಾ? ಊಕೆನ್, ಐಲರ್ಟ್.”

ಹತ್ತಿಳಿದವರ ಲೆಕ್ಕವಿಡುವ ಯಂತ್ರವನ್ನು ಅವನು ನೋಡಿದ. “ಇಲ್ಲ, ಬಂದಿಲ್ಲ. ಯಾಕೆ, ಕಾಣ್ತಿಲ್ವಾ? ಮೇಲೆ ತಿಳಿಸ್ಲಾ?”

“ಬೇಡ, ಬೇಡ. ಅಂಗಡಿಗೆ ಹೊಕ್ಕಿರ್ತಾರೆ.”

ಬೆನ್ನ ಹಿಂದೆಯೇ ಡೋರ್ನ್‌ಬುಶ್ ಕೈತುಂಬ ಚೀಲ ಹಿಡಿದು ಬರುತ್ತಿದ್ದಳು. “ಇದೇನು ಫ್ರಾವ್ ಊಕೆನ್, ಒಬ್ರೇ? ಯಜಮಾನ್ರನ್ನ ಮಾರಿಬಿಟ್ರಾ?”

“ಒಳ್ಳೆ ಬೆಲೆ ಬರ್ಲಿಲ್ಲ” ಎಂದಳು ಟಾಲ್ಕೆ. ಅವಳಿಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು. ಡೋರ್ನ್‌ಬುಶ್ ಬಿದ್ದುಬಿದ್ದು ನಗುತ್ತ ಒಳಗೆ ಹೋದಳು.

ಗೇಟಿನಿಂದ ಈಚೆ ಬಂದಾಗ ಕಿವಿಗೆ ಎಂಜಿನ್ ಶಬ್ದ ಬಿತ್ತು. ನದಿಯ ಆಚೆ ದಡಕ್ಕೆ ಕಾರುಗಳನ್ನು ದಾಟಿಸುವ ದೋಣಿಹಡಗು. ಐಲರ್ಟ್ ಬೇರೆ ಏನನ್ನು ಮರೆತರೂ ಆ ಶಬ್ದ ಕೇಳಿದರೆ ತಲೆ ಎತ್ತುತ್ತಾನೆ. ಹೋದ ಚಳಿಗಾಲದಲ್ಲಿ ಒಂದು ದಿನ ಮನೆಯೊಳಗಿನ ಚಪ್ಪಲಿಯಲ್ಲೇ ಊರಿನ ಹಡಗುಕಟ್ಟೆಗೆ ಹೋಗಿ, ಎಂಜಿನ್ ಕೋಣೆಯ ಕೀಲಿ ಎಲ್ಲಿ ಎಂದು ಕೇಳಿದ್ದ. ಇಲ್ಲಿಯೂ ಹಾಗೆ ಬಂದು, ಮೆಟ್ಟಿಲು ಎಂದುಕೊಂಡು ನೀರಿಗೆ ಕಾಲಿಟ್ಟರೆ? ಟಾಲ್ಕೆ ಕಟ್ಟೆಯ ಅಂಚಿಗೆ ಹೋಗಿ ಬಗ್ಗಿದಳು. ಕಲ್ಲಿಗೂ ಹಡಗಿಗೂ ನಡುವೆ ಕಪ್ಪು ನೀರಿನಲ್ಲಿ ನೀಲಿಯದೇನೋ ಏಳುತ್ತ ಬೀಳುತ್ತ ಇತ್ತು.

ಅವಳಿಗೆ ಜೀವ ಬಾಯಿಗೆ ಬಂತು. ದೋಣಿಹಡಗು ಬಿಟ್ಟಿತು, ನೀರು ಕದಡಿತು, ನೀಲಿ ವಸ್ತು ಮಗುಚಿ ಬಿದ್ದು ಪ್ಲಾಸ್ಟಿಕ್ ಚೀಲವಾಯಿತು. ಅವಳು ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕುಸಿದು ಕೂತಳು. ಕೇಕು ತಿಂದದ್ದು ನೆನಪಾಯಿತು. ನಾನು ಬೆಕ್ಕನ್ನು ಮಾತಾಡಿಸುತ್ತಿದ್ದೆ, ಅವನು ಎಲ್ಲೋ ದಾರಿ ಕೇಳುತ್ತಿದ್ದ ಎಂದುಕೊಂಡಳು. ಬೇರೆ ಯಾವ ಹೆಂಗಸು ಹಾಗೆ ಮಾಡಿದ್ದರೂ ಟಾಲ್ಕೆಯೇ ಬಾಯಿಗೆ ಬಂದಂತೆ ಬೈದಿರುತ್ತಿದ್ದಳು.

ಎರಡು ದೋಣಿಹಡಗು ಬಂದುಹೋಗುವವರೆಗೆ ಇಳಿಯುವ ಮುಖಗಳನ್ನೆಲ್ಲ ನೋಡಿದಳು. ನಿಲ್ದಾಣದ ಬೆಂಚು ನೋಡಿದಳು, ಚರ್ಚಿನೊಳಗೆ ಇಣುಕಿದಳು. ಪೊಲೀಸರೊಬ್ಬರು ಎದುರು ಬಂದಾಗ ರಸ್ತೆಯ ಆಚೆ ಬದಿಗೆ ಹೋದಳು, ಕದ್ದವಳಂತೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಮರಳಿಗೆ ಬಂದು ಕೊಸ್ಸೊವ್‌ನ ಗೂಡಂಗಡಿಯ ಕಟಕಟೆ ಹಿಡಿದು ನಿಂತಳು.

“ನನ್ನ ಗಂಡ” ಎಂದಳು. “ನನ್ನ ಗಂಡನಿಗೆ ನೆನಪು ಹೋಗ್ತಿದೆ. ಎಲ್ಲಿದೀನಿ ಅಂತ ಗೊತ್ತಾಗಲ್ಲ ಅವನಿಗೆ. ಊರು ಗೊತ್ತಾಗಲ್ಲ, ಹಡಗು ಗೊತ್ತಾಗಲ್ಲ. ನಾನು ಬಿಟ್ಟು ಹೋದೆ. ಎರಡು ಗಂಟೆ ಬಿಟ್ಟು ಹೋದೆ.”

ಹೇಳಿಬಿಟ್ಟಿದ್ದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಕೊಸ್ಸೊವ್ ಕೈಯಲ್ಲಿದ್ದ ಪೆನ್ಸಿಲ್ಲನ್ನು ಕೆಳಗಿಟ್ಟ.

“ನೀಲಿ ಟೋಪಿ ಹಾಕಿದ್ದ ಅಜ್ಜನಾ?”

ಅವಳು ತಲೆಯಾಡಿಸಿದಳು.

“ಅಯ್ಯೋ ಅವ್ರು ಇಲ್ಲೇ ಇದಾರಲ್ಲ. ಒಂದೂವರೆ ಹೊತ್ತಿಗೆ ನೋಡ್ತೀನಿ, ಪಾಪ ನೆರಳಲ್ಲಿ ಕೂತು ನಡುಗ್ತಿದ್ರು. ಏಳಿ ಅಂದ್ರೆ ಏಳಲ್ಲ. ಕೂತಿರೋ ಹಾಗೇ ಕುರ್ಚಿ ಎಳ್ದು ಬಿಸಿಲಿಗೆ ತಿರುಗಿಸ್ದೆ. ನಾಲ್ಕನೇ ಸಾಲು, ಕೊನೆಯಿಂದ ಮೂರನೇದು.” ಆಮೇಲೆ ಕೇಳಿದ: “ನೀವು ಆವಾಗ್ಲೇ ಯಾಕೆ ಹೇಳ್ಲಿಲ್ಲ?”

ಟಾಲ್ಕೆ ಆಗಲೇ ನಾಲ್ಕನೆಯ ಸಾಲಿನ ಕಡೆ ಹೊರಟಿದ್ದಳು. ಬಾಲ್ಟಿಕ್ ದಂಡೆಯವರು ಗಾಳಿಗಲ್ಲ, ಬಿಸಿಲಿಗೆ ಕುರ್ಚಿ ತಿರುಗಿಸುತ್ತಾರೆ. ಎಪ್ಪತ್ತೆರಡು ವರ್ಷ ಸಮುದ್ರದ ಪಕ್ಕದಲ್ಲೇ ಬದುಕಿದವಳಿಗೆ ಅದು ಹೊಳೆದಿರಲಿಲ್ಲ. ಆ ಕುರ್ಚಿಯ ಬೆನ್ನನ್ನು ಸವರಿಕೊಂಡೇ ಅವಳು ಮೊದಲ ಸಲ ಓಡಿಹೋಗಿದ್ದಳು.

ಐಲರ್ಟ್ ಕೂತಿದ್ದ. ಮಂಡಿಯ ಮೇಲೆ ಎರಡು ಕೈಯಿಟ್ಟು, ಬೆನ್ನು ನೆಟ್ಟಗೆ, ಪಾಳಿಯಲ್ಲಿರುವವನಂತೆ ಕೂತಿದ್ದ. ತುಟಿ ಒಣಗಿತ್ತು. ಪಕ್ಕದಲ್ಲಿ ಫ್ಲಾಸ್ಕು ಹಾಗೇ ಇತ್ತು, ಮುಚ್ಚಳ ಕೂಡ ತೆರೆದಿರಲಿಲ್ಲ. ಟಾಲ್ಕೆ ಅವನೆದುರು ಮರಳಿನಲ್ಲಿ ಮಂಡಿಯೂರಿದಳು.

“ಐಲರ್ಟ್.”

ಅವನು ಅವಳ ಕೆದರಿದ ಕೂದಲು, ಬೆವರಿದ ಮುಖ ನೋಡಿದ. ಟೋಪಿಯನ್ನು ಸ್ವಲ್ಪ ಎತ್ತಿ, ತಮ್ಮೂರಿನ ರೀತಿಯಲ್ಲಿ ನಮಸ್ಕಾರ ಹೇಳಿದ.

“ಮೊಯಿನ್. ಯಾಕಮ್ಮ ಹಿಂಗೆ ನಡುಗ್ತಿದೀರಾ? ಏನಾಯ್ತು?”

ಎರಡೂಮುಕ್ಕಾಲಿನಿಂದ ಅವಳು ಏನೇನಕ್ಕೋ ಹೆದರಿದ್ದಳು. ನೀರಿಗೆ, ಪೊಲೀಸರಿಗೆ, ಹಡಗಿಗೆ, ಮಗಳಿಗೆ. ಇದಕ್ಕೆ ಹೆದರಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಬಟ್ಟಲು ಮರೆತಿದ್ದ, ಊರು ಮರೆತಿದ್ದ. ಅವಳನ್ನು ಒಂದು ದಿನವೂ ಮರೆತಿರಲಿಲ್ಲ.

“ನಾನು, ಐಲರ್ಟ್” ಎಂದಳು.

“ನನ್ನ ಹೆಸರು ಹೆಂಗೆ ಗೊತ್ತು? ಓ, ನನ್ನ ಹೆಂಡ್ತಿ ಸಿಕ್ಕಿದ್ಲಾ? ಅವ್ಳು ಎಲ್ಲರ ಹತ್ರನೂ ಮಾತಾಡ್ತಾಳೆ.” ಅವನು ಸರಿದು ಕುಳಿತು ಜಾಗ ಮಾಡಿಕೊಟ್ಟ. “ಕೂತ್ಕೊಳ್ಳಿ. ಯಾರನ್ನಾದ್ರೂ ಹುಡುಕ್ತಿದೀರಾ?”

ಅವಳು ಕೂತಳು. ಬೇರೇನು ಹೇಳುವುದು? “ನನ್ನ ಗಂಡ ಕಾಣ್ತಿಲ್ಲ” ಎಂದಳು.

“ಎಲ್ಲಿ ಬಿಟ್ಟಿದ್ರಿ?”

“ಇಲ್ಲೇ. ಕುರ್ಚಿಯಲ್ಲಿ.”

“ಹಂಗಾದ್ರೆ ಬರ್ತಾನೆ. ಗಂಡಸು ಎಷ್ಟು ದೂರ ಹೋಗ್ತಾನೆ? ಮೊದ್ಲು ಟೀ ಕುಡೀರಿ.”

ಅತಿಥಿಗೆ ಮೂರು ಬಟ್ಟಲು ಟೀ ಕೊಡದೆ ಕಳುಹಿಸುವುದು ಅವರ ಕಡೆ ಅವಮಾನ. ಮೂರು ಕುಡಿಯದೆ ಏಳುವುದು ಅದಕ್ಕಿಂತ ದೊಡ್ಡ ಅವಮಾನ. ಐಲರ್ಟ್ ಫ್ಲಾಸ್ಕಿನ ಮುಚ್ಚಳ ತೆಗೆದ. ಅದರೊಳಗೆ ಮೊದಲು ಒಂದು ಹರಳು ಕಲ್ಲುಸಕ್ಕರೆ ಹಾಕಿದ. ಅದರ ಮೇಲೆ ಟೀ ಸುರಿದ. ಆಮೇಲೆ ಕೆನೆಯ ಪುಟ್ಟ ಡಬ್ಬಿ ಹರಿದು, ಮುಚ್ಚಳದ ಅಂಚಿನಿಂದ ನಿಧಾನವಾಗಿ ಇಳಿಬಿಟ್ಟ. ಕಲಕಲಿಲ್ಲ. ಎರಡು ವರ್ಷದಿಂದ ಒಂದು ದಿನವೂ ಸರಿಯಾಗಿ ಆಗದ ಟೀ ಅದು. ಗುರುತಿಲ್ಲದ ಹೆಂಗಸಿಗೆ ಅವನು ಅದನ್ನು ತಪ್ಪಿಲ್ಲದೆ ಮಾಡಿಕೊಟ್ಟ. ಟಾಲ್ಕೆಗೆ ಅಳು ತಡೆಯಲಾಗಲಿಲ್ಲ.

“ಹುಡುಕೋಕೆ ನಾನೂ ಬರ್ತಿದ್ದೆ” ಎಂದ ಅವನು, ಬೇಜಾರು ಮಾಡಿಕೊಂಡು. “ಆದ್ರೆ ಏಳೋ ಹಾಗಿಲ್ಲ. ಟಾಲ್ಕೆಗೆ ಮಾತು ಕೊಟ್ಟಿದೀನಿ. ಅವ್ಳು ಮೊದ್ಲು ಯಾವುದಕ್ಕೂ ಹೆದರೋಳಲ್ಲ, ಗೊತ್ತಾ? ಈಚೆಗೆ ಹೆದರ್ತಾಳೆ. ಏನೋ ಕಳ್ಕೊಂಡಿರೋ ಹಾಗೆ ಇರ್ತಾಳೆ, ಏನು ಅಂತ ಹೇಳಲ್ಲ. ಬಂದಾಗ ನಾನಿಲ್ಲಿ ಇಲ್ದಿದ್ರೆ ಕಷ್ಟ.”

“ಬೇಗ ಹೊರಡ್ಬೇಕಲ್ವಾ ನೀವು? ಹಡಗು ಬಿಡತ್ತೆ.”

“ಬಿಟ್ರೆ ಬಿಡ್ಲಿ. ಅವ್ಳು ಬರ್ದೆ ನಾನು ಏಳಲ್ಲ. ಕೆಂಪು ವಸ್ತ್ರ ತಲೆಗೆ ಕಟ್ಕೊಂಡಿದಾಳೆ, ಕಂಡ್ರೆ ಹೇಳಿ. ಇನ್ನೊಂದು ತಗೊಳ್ಳಿ.”

ಎರಡನೆಯದನ್ನೂ ಮೂರನೆಯದನ್ನೂ ಅವಳು ಗುಟುಕುಗುಟುಕಾಗಿ ನುಂಗಿದಳು. ನಾಲ್ಕೂಮುಕ್ಕಾಲು ದಾಟಿತ್ತು. ಕೈ ಹಿಡಿದು ಎಳೆದರೆ ಅವನು ಕೂಗಿಕೊಳ್ಳುತ್ತಾನೆ. ಗುರುತಿಲ್ಲದವಳು ಎಳೆದರೆ ಯಾರು ತಾನೇ ಬರುತ್ತಾರೆ? ಮೂರನೆಯ ಮುಚ್ಚಳವನ್ನು ಬೋರಲು ಹಾಕಿ, “ಟೀ ಚೆನ್ನಾಗಿತ್ತು” ಎಂದು ಎದ್ದಳು. ಕೈ ಜೇಬಿಗೆ ಹೋಯಿತು. ತಲೆವಸ್ತ್ರ ಅಲ್ಲಿತ್ತು.

ಅವಳು ಕುರ್ಚಿಗಳ ಹಿಂದೆ ಮೂರು ಸಾಲು ದಾಟಿ ಹೋದಳು. ಕೂದಲು ಒತ್ತಿ ಸರಿಮಾಡಿಕೊಂಡು, ಕೆಂಪು ವಸ್ತ್ರವನ್ನು ಗದ್ದದ ಕೆಳಗೆ ಬೆಳಿಗ್ಗೆಯಂತೆಯೇ ಬಿಗಿದಳು. ಗಂಟು ಎರಡು ಸಲ ಜಾರಿತು. ನಜ್ಜುಗುಜ್ಜಾಗಿದ್ದ ಬನ್ನಿನ ಪೊಟ್ಟಣ ತೆಗೆದುಕೊಂಡು ದೀಪಸ್ತಂಭದ ಕಡೆಯಿಂದ ವಾಪಸು ನಡೆದಳು. ಇಪ್ಪತ್ತು ಹೆಜ್ಜೆಯಿದ್ದೀತು. ಈಗಲೂ ಟೋಪಿ ಎತ್ತಿ ಮೊಯಿನ್ ಎಂದರೆ ಮುಂದೆ ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಅವಳ ಜೀವಮಾನದಲ್ಲಿ ಅಷ್ಟು ಹೆದರಿ ನಡೆದ ದಾರಿ ಇನ್ನೊಂದಿಲ್ಲ. ಕುರ್ಚಿಯ ಹಿಂದೆ ನಿಂತಳು. ಎದುರಿಗೆ ಹೋಗಲು ಧೈರ್ಯ ಸಾಲಲಿಲ್ಲ. ಬೆತ್ತದ ಬೆನ್ನನ್ನು ಎರಡು ಸಲ ತಟ್ಟಿದಳು.

ಒಳಗೆ ಬೆತ್ತ ಕಿರುಗುಟ್ಟಿತು. ಆಮೇಲೆ ನೀಲಿ ಟೋಪಿ ಪಕ್ಕದಿಂದ ಇಣುಕಿತು.

“ಇಷ್ಟು ಹೊತ್ತು ಮಾಡಿದೆಯಾ” ಎಂದ ಐಲರ್ಟ್.

ಈ ಸಲ ಅದು ನಿಜವಾಗಿತ್ತು. “ಕ್ಯೂ ಇತ್ತು” ಎಂದಳು ಅವಳು.

ಅವನು ತಕ್ಷಣ ಎದ್ದ. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಕೂತಿದ್ದ ಮಂಡಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಕುಂಟಿದ. ನೀರು ಸುರಿಯುವ ಮೂಗನ್ನು ಒರೆಸಿಕೊಳ್ಳುತ್ತ ಟಾಲ್ಕೆ ಅವನ ತೋಳು ಹಿಡಿದಳು. ಕೊಸ್ಸೊವ್ ಗೂಡಂಗಡಿಯಿಂದ ಕೈಯೆತ್ತಿದ. ದಾರಿಯಲ್ಲಿ ಐಲರ್ಟ್ ಎರಡೂ ಬನ್ನು ತಿಂದ. ಗೇಟಿಗೆ ಬಂದಾಗ ಐದು ಗಂಟೆ ಇಪ್ಪತ್ತೆಂಟು ನಿಮಿಷ.

“ಸಿಕ್ಕಿದ್ರಲ್ಲ” ಎಂದ ಕಾವಲುಗಾರ.

ಟಾಲ್ಕೆ ನಿಂತಳು. ಹಿಂದಿನವರು ಕಾಯುತ್ತಿದ್ದರು, ಡೋರ್ನ್‌ಬುಶ್ ಮೇಲಿನ ಕಟಾಂಜನಕ್ಕೆ ಒರಗಿ ನೋಡುತ್ತಿದ್ದಳು. “ಇವರ ಮುಖ ಸರಿಯಾಗಿ ನೋಡ್ಕೊಳ್ಳಿ” ಎಂದಳು, ಎಲ್ಲರಿಗೂ ಕೇಳುವಂತೆ. “ಇವರಿಗೆ ನೆನಪು ನಿಲ್ಲಲ್ಲ. ಒಬ್ರೇ ಇಳಿಯೋಕೆ ಬಂದ್ರೆ ಬಿಡ್ಬೇಡಿ, ನನ್ನನ್ನ ಕರೀರಿ.” ಕಾವಲುಗಾರ ಆಗಲಿ ಎಂದು ಬ್ಯಾಗು ನೋಡಿ ಒಳಗೆ ಬಿಟ್ಟ. ಅಷ್ಟೇ ನಡೆದದ್ದು. ಇಳಿಸುವ ಮಾತು ಯಾರೂ ಎತ್ತಲಿಲ್ಲ.

ಆರಕ್ಕೆ ಹಡಗು ಬಿಟ್ಟಿತು. ದೀಪಸ್ತಂಭದ ಬಳಿ ಜನ ಕೈಬೀಸುತ್ತಿದ್ದರು. ಐಲರ್ಟ್ ಕೈಬೀಸಲಿಲ್ಲ. ಕಟಾಂಜನ ಹಿಡಿದು ಮರಳಿನ ಕಡೆಗೆ ಬಗ್ಗಿ ಬಗ್ಗಿ ನೋಡುತ್ತಿದ್ದ. ಕುರ್ಚಿಗಳು ಸಣ್ಣದಾಗುತ್ತಿದ್ದವು.

“ಏನ್ ನೋಡ್ತಿದೀಯ?” ಎಂದಳು ಟಾಲ್ಕೆ.

“ನೀನಿಲ್ದಾಗ ಒಬ್ಬ ಹೆಂಗಸು ಬಂದಿದ್ಲು. ಪಾಪ, ತುಂಬ ಅಳ್ತಿದ್ಲು. ಗಂಡ ಕಳೆದುಹೋಗಿದ್ದ. ಟೀ ಕೊಟ್ಟೆ. ಸಿಕ್ಕಿದ್ನೋ ಇಲ್ವೋ.”

“ಸಿಕ್ಕಿದ.”

“ನಿಂಗೆ ಹೆಂಗ್ ಗೊತ್ತು?”

“ದಾರಿಯಲ್ಲಿ ನಂಗೂ ಸಿಕ್ಕಿದ್ಲು.”

“ಎಲ್ಲಿದ್ನಂತೆ?”

ಟಾಲ್ಕೆ ಅವನ ತೋಳನ್ನು ಹಿಡಿದ ಮುಷ್ಟಿಯನ್ನು ಸಡಿಲ ಮಾಡಿದಳು, ಆದರೆ ಬಿಡಲಿಲ್ಲ.

“ಕೂತಲ್ಲೇ ಕೂತಿದ್ನಂತೆ” ಎಂದಳು. “ಕಳೆದುಹೋಗಿದ್ದು ಅವಳೇ.”

ಐಲರ್ಟ್ ಸಮಾಧಾನದಿಂದ ತಲೆಯಾಡಿಸಿ, ಊಟಕ್ಕೆ ಎಷ್ಟು ಹೊತ್ತಿದೆ ಎಂದು ಕೇಳಿದ.